ಕೋರ್ ಶಾಪ್‌ನಲ್ಲಿ ಕಣ್ಣಿಗೆ ಕವಿಯುವ ನೀಲಿ ಮಂಜು

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸೇಫ್ಟಿ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮಲ್ಲಿ ಕೋಲ್ಡ್ ಬಾಕ್ಸ್, ಅಂದರೆ ಕಾಯಿಸದೆ ಗಟ್ಟಿ ಮಾಡುವ ಪದ್ಧತಿಯಲ್ಲಿ ಕೋರ್ ಮಾಡುತ್ತೇವೆ. ಕೋರ್ ಅಂದರೆ ಎರಕದೊಳಗೆ ಟೊಳ್ಳು ಬರಲು ಅಚ್ಚಿನಲ್ಲಿಡುವ ಮರಳಿನ ಆಕಾರ. ಮರಳಿಗೆ ಎರಡು ಬಗೆಯ ಬೈಂಡರ್ (ಅಂಟು) ಬೆರೆಸಿ ಬಾಕ್ಸಿಗೆ ಊದುತ್ತೇವೆ. ಆಮೇಲೆ ಟ್ರೈಈಥೈಲ್ ಅಮೈನ್ ಆವಿ ಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ಕೋರ್ ಗಟ್ಟಿಯಾಗುತ್ತದೆ. ಅಮೈನ್ ಮಾತ್ರ ಖರ್ಚಾಗುವುದಿಲ್ಲ. ಒಳಗೆ ಹೋದದ್ದು ಹೊರಗೆ ಬರಲೇಬೇಕು. ಪೈಪಿನಲ್ಲಿ ಸ್ಕ್ರಬ್ಬರ್‌ಗೆ (ಆವಿಯನ್ನು ಆಸಿಡ್‌ನಲ್ಲಿ ತೊಳೆದು ಹಿಡಿಯುವ ಯಂತ್ರ) ಹೋಗುತ್ತಾ, ಆಪರೇಟರ್ ಮುಖಕ್ಕೆ ಬರುತ್ತಾ ಅನ್ನೋದೇ ಪ್ರಶ್ನೆ.

ಅದರ ಮೀನಿನ ವಾಸನೆಗೆ ಮೂಗು ಬೇಗ ಒಗ್ಗಿಹೋಗುತ್ತದೆ. ಹಾಗಾಗಿ ವಾಸನೆಯನ್ನು ನಂಬಬೇಡಿ. ಅಮೈನ್ ತಗುಲಿದರೆ ಕಣ್ಣಿನ ಕಾರ್ನಿಯಾ, ಅಂದರೆ ಮುಂದಿನ ಪಾರದರ್ಶಕ ಪೊರೆ, ಸ್ವಲ್ಪ ಊದಿಕೊಳ್ಳುತ್ತದೆ. ನೋಡಿದ್ದೆಲ್ಲ ನೀಲಿ ಮಂಜಿನಲ್ಲಿ ಮುಳುಗಿದಂತೆ, ದೀಪದ ಸುತ್ತ ಬಳೆ ಕಟ್ಟಿದಂತೆ ಕಾಣುತ್ತದೆ. ಕೆಲವು ಗಂಟೆಯಲ್ಲಿ ತಾನಾಗಿಯೇ ಹೋಗುವುದರಿಂದ ಯಾರೂ ಬಾಯಿಬಿಡುವುದಿಲ್ಲ. "ಮುಂಜಾನೆ ಏಳೂದ್ರೊಳಗ ಎಲ್ಲಾ ಸರಿ ಆಗಿರತೈತ್ರಿ ಸರ್" ಎಂದು ಒಬ್ಬ ಆಪರೇಟರ್ ಹೇಳಿದಾಗ ನನಗೆ ಹೆದರಿಕೆಯೇ ಆಯಿತು. ಅವನು ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಬೈಕಿನಲ್ಲಿ ಊರಿಗೆ ಹೋಗುವವನು. ಎದುರಿಗೆ ಲಾರಿ ಬಂದರೆ ಅದರ ಹೆಡ್‌ಲೈಟ್ ಅವನಿಗೆ ಹೇಗೆ ಕಾಣಬೇಡ?

ಅಂದಿನಿಂದ ಶಿಫ್ಟ್ ಬಿಡುವಾಗ ಎಲ್ಲರನ್ನೂ ಕೇಳಲು ಶುರುಮಾಡಿದೆ. ಬಲ್ಬಿನ ಸುತ್ತ ಬಳೆ ಕಾಣುತ್ತಾ? ಹೌದು ಅಂದವರು ಬೈಕ್ ಮುಟ್ಟುವಂತಿಲ್ಲ, ಕಂಪನಿ ಗಾಡಿಯೇ ಅವರನ್ನು ಮನೆಗೆ ಬಿಟ್ಟು ಬರಬೇಕು. ಯಾವ ಮಷಿನ್ ಮೇಲಿದ್ದರು ಎಂದೂ ಬರೆದಿಟ್ಟೆ. ಜಾಸ್ತಿ ಹೆಸರು ಒಂದೇ ಮಷಿನ್‌ನವು ಬಂದವು.

ಅಲ್ಲಿ ಕೆಂಪು ಲಿಟ್ಮಸ್ ಕಾಗದವನ್ನು ಒದ್ದೆ ಮಾಡಿ, ಗ್ಯಾಸಿಂಗ್ (ಅಮೈನ್ ಆವಿ ಬಿಡುವುದು) ನಡೆಯುವಾಗ ಬಾಕ್ಸಿನ ಸಂದಿಯುದ್ದಕ್ಕೂ ಚಿಮಟದಲ್ಲಿ ಹಿಡಿದು ನೋಡಿದೆವು. ಅಮೈನ್ ಕ್ಷಾರ ಅಲ್ವಾ, ಎಡಗಡೆ ಮೂಲೆಗೆ ಬರುತ್ತಲೇ ಕಾಗದ ನೀಲಿಯಾಯಿತು. ಆ ಜಾಗದ ಸೀಲ್ ಒಣಗಿ ಬಿರುಕು ಬಿಟ್ಟಿತ್ತು. ಸೋರುವ ಜಾಗ ಹುಡುಕಲು ಇಷ್ಟು ಸಾಕು, ಆದರೆ ಗಾಳಿಯಲ್ಲಿ ಎಷ್ಟಿದೆ ಎಂದು ತಿಳಿಯಲು ಅಳತೆಯನ್ನೇ ಮಾಡಿಸಬೇಕು. ಅಮೆರಿಕದ ಕಾರ್ಮಿಕ ಸುರಕ್ಷತೆಯ ಸರ್ಕಾರಿ ಸಂಸ್ಥೆ ಓಷಾದ ಕಾನೂನಿನ ಮಿತಿ 25 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು. ಅದೇ ದೇಶದ ಎಸಿಜಿಐಎಚ್ ಎಂಬ ಕೈಗಾರಿಕಾ ಆರೋಗ್ಯ ತಜ್ಞರ ಸಂಘದ ಸಲಹೆ 0.5 ಪಿಪಿಎಂ. ನಾನು ಎರಡನೆಯದನ್ನೇ ಹಿಡಿದಿದ್ದೇನೆ.

ಜಾಸ್ತಿ ಜಗಳವಾದದ್ದು ಪರ್ಜ್ ಸಮಯಕ್ಕೆ. ಗ್ಯಾಸಿಂಗ್ ಆದಮೇಲೆ ಬಿಸಿ ಒಣಗಾಳಿ ಬಿಟ್ಟು ಕೋರ್‌ನಲ್ಲಿ ಉಳಿದ ಅಮೈನ್ ತೆಗೆಯಬೇಕು. ಪ್ರೊಡಕ್ಷನ್ ಏರಿಸಲು ಮೊದಲು ಕತ್ತರಿ ಬೀಳುವುದು ಈ ಸೆಕೆಂಡುಗಳಿಗೇ. ಆಗ ಕೋರ್ ರ್‍ಯಾಕ್‌ನಲ್ಲಿ ಕೂತೇ ಆವಿ ಬಿಡುತ್ತಿರುತ್ತದೆ, ಕೋರ್ ಉಜ್ಜಿ ಚೊಕ್ಕ ಮಾಡುವ ಹೆಂಗಸರು ಆ ಆವಿಯನ್ನು ಉಸಿರಾಡುತ್ತಾರೆ. ಅವರು ಮಷಿನ್ ಹತ್ತಿರವೂ ಬರುವವರಲ್ಲ. ಹಟ ಹಿಡಿದು ಆ ಸೆಟ್ಟಿಂಗಿಗೆ ಪಾಸ್‌ವರ್ಡ್ ಹಾಕಿಸಿದೆ.

ಮೇಲಿನ ಎಕ್ಸಾಸ್ಟ್ ಫ್ಯಾನ್ ನಂಬಿ ಕೂರಬೇಡಿ. ಈ ಆವಿ ಗಾಳಿಗಿಂತ ಭಾರ, ಬಾಕ್ಸಿನ ಪಕ್ಕದಲ್ಲೇ ಆವಿ ಎಳೆದುಕೊಳ್ಳುವ ಹುಡ್ ಬೇಕು. ಧೂಳಿನ ಮಾಸ್ಕ್ ಇದನ್ನು ತಡೆಯುವುದೇ ಇಲ್ಲ. ಬೆಂಕಿಯೂ ಬೇಗ ಹತ್ತುತ್ತದೆ, ಡ್ರಮ್ ಹತ್ತಿರ ಗ್ರೈಂಡರ್ ಹಚ್ಚಲು ಬಿಡಬೇಡಿ. ಸ್ಕ್ರಬ್ಬರ್‌ನಲ್ಲಿರುವ ಸಲ್ಫ್ಯೂರಿಕ್ ಆಸಿಡ್‌ನ ಪಿಎಚ್ ಅನ್ನು ಶಿಫ್ಟಿಗೊಮ್ಮೆ ನೋಡಿ. ಅದು ಏರಿದರೆ ಆಸಿಡ್‌ನ ಶಕ್ತಿ ಕುಗ್ಗಿದಂತೆ, ಅಮೈನ್ ಚಿಮಣಿಯಿಂದ ಸೀದಾ ಪಕ್ಕದ ಓಣಿಗೆ ಹೋಗುತ್ತದೆ.