ಬಸ್ಸಿನ ಎಡಗನ್ನಡಿ, ನನ್ನ ಸೈಕಲ್ಲು

ನಾನು ಬೆಂಗಳೂರಿನಲ್ಲಿ ಸಿಟಿ ಬಸ್ ಓಡಿಸುತ್ತೇನೆ. ಡಿಪೋಗೆ ಹೋಗಿ ಬರುವುದು ಮಾತ್ರ ಸೈಕಲ್ಲಿನಲ್ಲಿ. ಫಸ್ಟ್ ಶಿಫ್ಟ್ ಬಿದ್ದಾಗ ನಾನು ಮನೆ ಬಿಡುವ ಹೊತ್ತಿಗೆ ಬಸ್ ಇರುವುದಿಲ್ಲ. ನಾವೇ ಹೋಗಿ ಹೊರಗೆ ತೆಗೆದರೆ ತಾನೇ ಬಸ್ಸು! ಹಾಗಾಗಿ ದಾರಿಯಲ್ಲಿ ಲಾರಿ, ಪರಊರಿನ ಬಸ್ಸಿನವರನ್ನು ಮನಸ್ಸಿನಲ್ಲೇ ಬೈದುಕೊಂಡು ಡಿಪೋ ಗೇಟ್ ದಾಟುತ್ತೇನೆ. ಸ್ವಲ್ಪ ಹೊತ್ತಿಗೆ ನಾನೇ ಸ್ಟೀರಿಂಗ್ ಹಿಡಿದು ಸೈಕಲ್ಲಿನವರನ್ನು ಬೈಯಲು ತಯಾರಾಗಿರುತ್ತೇನೆ. ಮೂರನೆಯ ಪಾರ್ಟಿ ಪಾದಚಾರಿ. ಸೈಕಲ್ ಪಂಕ್ಚರ್ ಆದ ದಿನ ಅದೂ ನಾನೇ.

ಹೊರವರ್ತುಲ ರಸ್ತೆಯಲ್ಲಿ, ಅಂದರೆ ಸಿಲ್ಕ್ ಬೋರ್ಡ್, ಮಾರತಹಳ್ಳಿ, ಕೆ.ಆರ್. ಪುರ ಕಡೆ, ಬಹಳ ವರ್ಷ ಓಡಿಸಿದ್ದೇನೆ. ಅಲ್ಲಿ ಒಮ್ಮೆ ಒಬ್ಬ ಸೈಕಲ್ ಹುಡುಗ ನನ್ನ ಬಸ್ಸಿನ ಮೈಗೆ ಧಬಧಬ ಬಡಿದ. ನಾನು ಸ್ಟಾಪಿಗೆಂದು ಎಡಕ್ಕೆ ತೆಗೆದುಕೊಳ್ಳುತ್ತಿದ್ದೆ, ಇಂಡಿಕೇಟರ್ ಹಾಕಿದ್ದೆ. ಅವನು ಬಸ್ಸಿಗೂ ಫುಟ್‌ಪಾತಿಗೂ ನಡುವೆ ಇದ್ದ. ಅವನಿಗೆ ಏನೂ ಆಗಲಿಲ್ಲ, ಆದರೆ ಸಿಟ್ಟು ನೆತ್ತಿಗೇರಿತ್ತು. ಕೊನೆ ಸ್ಟಾಪಿನ ತನಕ ಹಿಂದೆಯೇ ಬಂದ. "ಏನ್ ಸಾರ್, ಕಣ್ಣು ಕಾಣ್ಸಲ್ವಾ ನಿಮ್ಗೆ?" ಅಂದ.

"ಇಲ್ಲಪ್ಪ, ನೀನು ಕಾಣಲೇ ಇಲ್ಲ. ಬಾ, ಇಲ್ಲಿ ಕೂತು ನೋಡು" ಅಂದೆ.

ಅವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಕಂಡಕ್ಟರ್ ಅಣ್ಣ ಅವನ ಸೈಕಲ್ ಹಿಡಿದುಕೊಂಡು ಮುಂದಿನ ಬಾಗಿಲಿನ ಪಕ್ಕ, ಬಸ್ಸಿಗೆ ಒತ್ತಿಕೊಂಡು ನಿಂತರು. ಹುಡುಗ ಎಡಗನ್ನಡಿ ನೋಡಿದ. ಗಾಜಿನಲ್ಲಿ ನೋಡಿದ. ಎದ್ದು ಬಗ್ಗಿ ನೋಡಿದ ಮೇಲೆ ಅವರ ಬೋಳು ತಲೆ ಒಂದಿಷ್ಟು ಕಂಡಿತು. "ಸೈಕಲ್ ಎಲ್ಲಿ?" ಅಂತ ಕೇಳಿದ. ಸೈಕಲ್ ಅಲ್ಲೇ ಇತ್ತು, ಸೀಟಿನಿಂದ ಕಾಣುತ್ತಿರಲಿಲ್ಲ ಅಷ್ಟೇ. ಬಸ್ಸು ಹನ್ನೆರಡು ಮೀಟರ್ ಉದ್ದ, ಎರಡೂವರೆ ಮೀಟರಿಗೂ ಜಾಸ್ತಿ ಅಗಲ. ನಾವು ಕೂರುವುದು ಬಲತುದಿಯಲ್ಲಿ. ಎಡಗಡೆ ಬಾಗಿಲಿನ ಕೆಳಗೆ, ಮುಂದಿನ ಬಂಪರಿನ ಮೂಲೆಯಲ್ಲಿ ಯಾರಾದರೂ ಇದ್ದರೆ ನಮ್ಮ ಪಾಲಿಗೆ ಅವರು ಇಲ್ಲವೇ ಇಲ್ಲ. ಲಾರಿಯಲ್ಲಾದರೆ ಎಡಗಡೆ ನೋಡಿಕೊಳ್ಳಲು ಕ್ಲೀನರ್ ಇರುತ್ತಾನೆ. ನಮ್ಮ ಕಂಡಕ್ಟರಿಗೆ ಟಿಕೆಟ್ ಕೊಡುವುದರಲ್ಲೇ ಸಾಕುಸಾಕಾಗಿರುತ್ತದೆ.

ಇದಾದ ಮೇಲೆ ಸೈಕಲ್ಲಿನಲ್ಲಿ ನಾನು ಒಂದು ರೂಢಿ ಮಾಡಿಕೊಂಡೆ. ಮುಂದಿರುವ ಬಸ್ಸಿನ ಕನ್ನಡಿಯಲ್ಲಿ ಡ್ರೈವರ್ ಮುಖ ನನಗೆ ಕಾಣದಿದ್ದರೆ ನಾನೂ ಅವನಿಗೆ ಕಾಣುತ್ತಿಲ್ಲ ಅಂತಲೇ ಲೆಕ್ಕ. ಎಡಗಡೆ ಎಷ್ಟೇ ಜಾಗ ಖಾಲಿ ಇದ್ದರೂ ನುಗ್ಗುವುದಿಲ್ಲ. ಹಿಂದೆ ನಿಂತು ಹೊಗೆ ಕುಡಿಯುತ್ತೇನೆ, ಪರವಾಗಿಲ್ಲ. ತಿರುವಿನಲ್ಲಂತೂ ಎಡಗಡೆ ಇರಲೇಬಾರದು. ಬಸ್ಸಿನ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕೊಯ್ದುಕೊಂಡು ಬರುತ್ತದೆ. ಮುಂಭಾಗ ದಾಟಿ ಹೋಯಿತು, ಬಚಾವಾದೆ ಅಂದುಕೊಳ್ಳುವ ಹೊತ್ತಿಗೇ ಹಿಂದಿನ ಚಕ್ರ ಫುಟ್‌ಪಾತ್ ಅಂಚಿಗೆ ಬಂದಿರುತ್ತದೆ.

ಬಸ್ಸಿನಲ್ಲಿ ಕೂತಾಗ ಮಾಡುವುದು ಇನ್ನೊಂದು. ಸ್ಟಾಪ್ ಬರುವುದಕ್ಕೆ ಬಹಳ ಮುಂಚೆಯೇ ಎಡಕ್ಕೆ ಸರಿದುಬಿಡುತ್ತೇನೆ. ಕೊನೆ ಗಳಿಗೆಯಲ್ಲಿ ಅಡ್ಡ ಎಳೆಯುವುದಿಲ್ಲ. ನಿಲ್ಲಿಸುವಾಗ ಬಸ್ಸಿಗೂ ಫುಟ್‌ಪಾತಿಗೂ ನಡುವೆ ಬೈಕ್ ನುಗ್ಗುವಷ್ಟು ಸಂದು ಬಿಡುವುದಿಲ್ಲ. ಇಳಿಯುವ ಜನಕ್ಕೆ ಬಡಿಯುವುದು ಎಡಗಡೆಯಿಂದ ನುಗ್ಗುವ ಬೈಕುಗಳೇ ತಾನೇ. ಬಸ್ ನಿಂತ ಮೇಲೂ ಕನ್ನಡಿ ನೋಡಿಯೇ ಬಾಗಿಲು ತೆಗೆಯುತ್ತೇನೆ. "ತೆಗೀರಿ ಸಾರ್, ಸ್ಟಾಪ್ ಬಂತು" ಅಂತ ಗೊಣಗುತ್ತಾರೆ. ಗೊಣಗಲಿ.

ಆದರೆ ಸ್ಟಾಪಿನಲ್ಲಿ ಆಟೋಗಳೋ ಕ್ಯಾಬುಗಳೋ ನಿಂತಿದ್ದರೆ ಇದೆಲ್ಲ ತಲೆಕೆಳಗು. ಬಸ್ಸು ರಸ್ತೆ ನಡುವೆಯೇ ನಿಲ್ಲಬೇಕು, ಜನ ರಸ್ತೆಗೆ ಇಳಿಯಬೇಕು, ಹಿಂದಿನವರು ಹಾರ್ನ್ ಬಾರಿಸಬೇಕು. ಆಗ ಬೈಗುಳ ತಿನ್ನುವವನು ಬಸ್ ಡ್ರೈವರ್. ಆಟೋದವನು ಆರಾಮಾಗಿ ಫೋನ್ ನೋಡುತ್ತಿರುತ್ತಾನೆ.

ಕಾರಿನವರು ನನ್ನನ್ನು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: ಈ ಸೈಕಲ್ಲಿನವರು ಇದ್ದಕ್ಕಿದ್ದಂತೆ ಬಲಕ್ಕೆ ಯಾಕೆ ಬರುತ್ತಾರೆ? ತುಳಿದು ನೋಡಿದರೆ ಗೊತ್ತಾಗುತ್ತದೆ. ಮಳೆನೀರು ಹೋಗಲು ರಸ್ತೆ ಅಂಚಿನಲ್ಲಿ ಕಬ್ಬಿಣದ ಜಾಲರಿ ಹಾಕಿರುತ್ತಾರೆ. ಅದರ ಸರಳು ರಸ್ತೆಯ ಉದ್ದಕ್ಕೇ ಇದ್ದರೆ ಸೈಕಲ್ ಚಕ್ರ ಸೀದಾ ಒಳಗೆ. ಕಾರಿನವರಿಗೆ ಅದು ಗೊತ್ತೂ ಆಗುವುದಿಲ್ಲ. ನಿಂತ ಕಾರಿನ ಬಾಗಿಲು ಯಾವಾಗ ತೆರೆದುಕೊಳ್ಳುತ್ತದೋ ಹೇಳಲಾಗದು. ಅಂಚಿನಲ್ಲಿ ಮರಳು, ಒಡೆದ ಬಾಟಲಿ, ಎದುರಿನಿಂದ ರಾಂಗ್ ಸೈಡಿನಲ್ಲಿ ಬರುವ ಡೆಲಿವರಿ ಹುಡುಗರು. ಮಳೆ ಬಂದರೆ ನೀರಿನ ಕೆಳಗೆ ಗುಂಡಿ ಎಷ್ಟು ಆಳವೋ ದೇವರಿಗೇ ಗೊತ್ತು. ಹಾಗಾಗಿ ನಾನು ಅಂಚಿಗೆ ಅಂಟಿಕೊಂಡು ಹೋಗುವುದಿಲ್ಲ. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಬಿಟ್ಟು, ನೇರ ಗೆರೆ ಹಿಡಿದು ತುಳಿಯುತ್ತೇನೆ. ಎರಡು ಕಾರಿನ ನಡುವೆ ಜಾಗ ಸಿಕ್ಕಿತೆಂದು ಒಳಗೆ ಹೋಗಿ ಮತ್ತೆ ಹೊರಗೆ ಬರುವುದಿಲ್ಲ. ಹಿಂದಿನವರಿಗೆ ಒಂದು ಕ್ಷಣ ಕಿರಿಕಿರಿ ಆಗಬಹುದು. ಆದರೆ ನಾನು ಎಲ್ಲಿಗೆ ಹೋಗುತ್ತೇನೆ ಅನ್ನುವುದು ಅವರಿಗೆ ತಿಳಿಯುತ್ತದೆ. ಬಲಕ್ಕೆ ಬರಲೇಬೇಕಾದರೆ ತಿರುಗಿ ನೋಡಿ, ಕೈ ಚಾಚಿ, ಆಮೇಲೆ ಬರುತ್ತೇನೆ.

ಹಾರ್ನ್ ವಿಷಯದಲ್ಲಂತೂ ಸೈಕಲ್ಲೇ ನನ್ನ ಗುರು. ಬೆನ್ನ ಹಿಂದೆಯೇ ಬಸ್ಸಿನ ಹಾರ್ನ್ ಬಡಿದರೆ ಮೈ ಬೆಚ್ಚುತ್ತದೆ, ಹ್ಯಾಂಡಲ್ ಅಲುಗುತ್ತದೆ. ತಿರುಗಿ ನೋಡಲು ಹೋದರೆ ಸೈಕಲ್ ಬಲಕ್ಕೇ, ಅಂದರೆ ಬಸ್ಸಿನ ದಾರಿಗೇ ವಾಲುತ್ತದೆ. ದಾರಿ ಬಿಡಿಸಲು ಬಾರಿಸಿದ ಹಾರ್ನೇ ಅವನನ್ನು ಚಕ್ರದ ಕೆಳಗೆ ಎಳೆದಂತೆ. ಈಗ ನಾನು ದೂರದಲ್ಲಿರುವಾಗಲೇ ಒಂದು ಸಣ್ಣ ಹಾರ್ನ್ ಕೊಡುತ್ತೇನೆ. ಹತ್ತಿರ ಬಂದ ಮೇಲೆ ಕೈ ಹಾರ್ನಿನ ಮೇಲೆ ಹೋಗುವುದೇ ಇಲ್ಲ. ಪಕ್ಕದ ಲೇನ್ ಖಾಲಿಯಾಗುವ ತನಕ ಹಿಂದೆಯೇ ಇರುತ್ತೇನೆ. ಆ ಸೈಕಲ್ಲಿನಲ್ಲಿ ಇರುವವರು ಯಾರು? ಹಾಲು ಹಾಕುವವರು, ಪೇಪರ್ ಹುಡುಗರು, ರಾತ್ರಿ ಡ್ಯೂಟಿ ಮುಗಿಸಿದ ಸೆಕ್ಯೂರಿಟಿಯವರು. ಹೆಲ್ಮೆಟ್, ಮಿನುಗುವ ಜಾಕೆಟ್ ಹಾಕಿದ ಐಟಿ ಹುಡುಗರು ಕಣ್ಣಿಗಾದರೂ ಬೀಳುತ್ತಾರೆ. ಕಪ್ಪು ಸ್ವೆಟರ್, ಲೈಟ್ ಇಲ್ಲದ ಹಳೇ ಸೈಕಲ್ಲಿನ ಸೆಕ್ಯೂರಿಟಿ ಅಜ್ಜನನ್ನು ಐದು ಗಂಟೆ ಕತ್ತಲಲ್ಲಿ ಹುಡುಕಬೇಕು. ನಾನು ನನ್ನ ಸೈಕಲ್ಲಿಗೆ ಮೊದಲು ಹಾಕಿಸಿದ್ದೇ ಹಿಂದಿನ ಕೆಂಪು ಲೈಟು.

ಪಾದಚಾರಿಗಳದ್ದು ಬೇರೆಯೇ ಕಥೆ. ಕಾನೂನು ಅವರ ಕಡೆಗಿದೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಜೀಬ್ರಾ ಪಟ್ಟಿಯಲ್ಲಿ ದಾಟುವವರಿಗೆ ಗಾಡಿಯವರು ನಿಂತು ದಾರಿ ಬಿಡಬೇಕು. ಫುಟ್‌ಪಾತ್ ಮೇಲೆ ಗಾಡಿ ಓಡಿಸುವ ಹಾಗಿಲ್ಲ. ನಾನು ಪಟ್ಟಿ ಹತ್ತಿರ ನಿಲ್ಲಿಸುತ್ತೇನೆ. ಆದರೆ ಅಲ್ಲೊಂದು ಅಪಾಯ ಇದೆ. ನಾನು ನಿಲ್ಲಿಸಿದೆ ಅಂತ ಅಜ್ಜಿ ರಸ್ತೆಗೆ ಇಳಿಯುತ್ತಾರೆ. ಬಸ್ಸು ಯಾಕೆ ನಿಂತಿದೆ ಎಂದು ಗೊತ್ತಿಲ್ಲದ ಬೈಕಿನವನು ಬಲಗಡೆಯಿಂದ ರೊಯ್ಯನೆ ಬರುತ್ತಾನೆ. ಅವನಿಗೆ ಅಜ್ಜಿ ಕಾಣುವುದಿಲ್ಲ, ಅಜ್ಜಿಗೆ ಅವನು ಕಾಣುವುದಿಲ್ಲ. ನಡುವೆ ನಿಂತ ಗೋಡೆ ನನ್ನ ಬಸ್ಸು. ಅದಕ್ಕೆ ಪಟ್ಟಿಗೆ ತಾಗಿಕೊಂಡು ನಿಲ್ಲದೆ ಒಂದಷ್ಟು ಹಿಂದೆಯೇ ನಿಲ್ಲಿಸುತ್ತೇನೆ. ಬಲಗನ್ನಡಿ ನೋಡಿಕೊಂಡು ಕೈ ಹೊರಗೆ ಹಾಕಿ ಹಿಂದಿನವರನ್ನು ತಡೆಯುತ್ತೇನೆ. ನಾನೇ ನಡೆದು ದಾಟುವಾಗ ನಿಂತ ಬಸ್ಸಿನ ಮುಂದೆ ಹಾದು, ಅದರ ಬಲಮೂಲೆಯಲ್ಲಿ ನಿಂತು ಇಣುಕಿ ನೋಡುತ್ತೇನೆ. ಸ್ಟಾಪಿನಲ್ಲಿ ಇಳಿದಾಗಲಾದರೆ ಬಸ್ ಹೊರಡುವ ತನಕ ಕಾಯುತ್ತೇನೆ. ಅರ್ಧ ನಿಮಿಷದ ಮಾತು.

ಪಟ್ಟಿಯೇ ಇಲ್ಲದ ಕಡೆ ಡಿವೈಡರ್ ಹಾರಿ ಬರುವವರ ಮೇಲೆ ಡ್ರೈವರುಗಳಿಗೆಲ್ಲ ಕೋಪ. ಸ್ಕೈವಾಕ್ ಇದೆಯಲ್ಲ ಅನ್ನುತ್ತಾರೆ. ಮಂಡಿನೋವಿನ ಹೆಂಗಸು, ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಚೀಲ, ಲಿಫ್ಟ್ ಕೆಟ್ಟು ಕೂತಿದೆ. ಹತ್ತುತ್ತಾರಾ? ನಾನಾದರೂ ಹತ್ತಲಾರೆ. ಆದರೆ ಅವರಿಗೆ ಗೊತ್ತಿರದ ಒಂದು ಸಂಗತಿ ಇದೆ. ಒಬ್ಬರನ್ನು ಉಳಿಸಲು ಗಕ್ಕನೆ ಬ್ರೇಕ್ ಒತ್ತಿದರೆ ಒಳಗೆ ನಿಂತಿರುವ ನಲವತ್ತು ಜನ ಮುಂದಕ್ಕೆ ಬೀಳುತ್ತಾರೆ. ಕೈಯಲ್ಲಿ ಹಿಡಿಯಲು ಕಂಬಿ ಸಿಗದ ಅಜ್ಜ ಗೇರ್ ಬಾಕ್ಸ್ ಹತ್ತಿರ ಬಂದು ಬಿದ್ದದ್ದನ್ನು ಕಂಡಿದ್ದೇನೆ. ಹಾಗಾಗಿ ಕೈ ತೋರಿಸಿದರೆ ಬಸ್ಸು ಕಾರಿನ ಹಾಗೆ ನಿಂತುಬಿಡುತ್ತದೆ ಅಂತ ನಂಬಬೇಡಿ. ದಾಟುವುದೇ ಆದರೆ ಕಾರಿಗಿಂತ ಬಸ್ಸಿಗೆ ಜಾಸ್ತಿ ದೂರ ಬಿಡಿ.

ಪಥ ಬೇರೆ ಮಾಡಿದರೆ ಜಗಳ ಮುಗಿಯುತ್ತದೆ ಅನ್ನುವವರಿದ್ದಾರೆ. ಅದರ ರುಚಿಯನ್ನೂ ನೋಡಿದ್ದೇನೆ. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಎಡಗಡೆ ಪಥ ಮಾಡಿ ಕಂಬ ನೆಟ್ಟರು. ಓಡಿಸಲು ಅಷ್ಟು ಹಾಯಾಗಿತ್ತು! ಮರುವರ್ಷ ಸೈಕಲ್ಲಿಗೂ ಪಥ ಬಂತು. ಕ್ರಮೇಣ ಕಂಬಗಳು ಮುರಿದವು, ಸಂದಿನಲ್ಲಿ ಬೈಕುಗಳು ನುಗ್ಗಿದವು, ಆಮೇಲೆ ಮೆಟ್ರೋ ಕೆಲಸ ಶುರುವಾಯಿತು. ಪಥ ತಪ್ಪಲ್ಲ, ನನ್ನ ಕೇಳಿದರೆ ಮತ್ತೆ ಬರಬೇಕು. ಆದರೆ ಸ್ಟಾಪಿನಲ್ಲಿ ಜನ ಬಸ್ಸಿಗೆ ಹತ್ತಲು ಸೈಕಲ್ ದಾರಿಯನ್ನು ದಾಟಲೇಬೇಕು, ಸರ್ವೀಸ್ ರಸ್ತೆಯ ಕಾರು ಒಳಗೆ ಬರಲೇಬೇಕು. ಜಗಳ ಹುಟ್ಟುವುದು ಆ ಜಾಗದಲ್ಲೇ. ಅಲ್ಲಿ ಯಾರು ಮೊದಲು, ಯಾರು ನಿಲ್ಲಬೇಕು ಎಂದು ರಸ್ತೆಯ ಮೇಲೆ ಬರೆಯದೆ ಉಳಿದೆಲ್ಲ ಕಡೆ ಕಂಬ ನೆಟ್ಟರೆ ಏನು ಬಂತು?

ಈಗ ಎಲೆಕ್ಟ್ರಿಕ್ ಬಸ್ಸುಗಳ ಕಾಲ. ಸದ್ದೇ ಇಲ್ಲ. ಹಳೇ ಬಸ್ಸು ಬಂದರೆ ಜನ ತಿರುಗಿ ನೋಡದೆಯೇ ಸರಿಯುತ್ತಿದ್ದರು, ಈಗ ಬೆನ್ನಿಗೆ ಬಂದರೂ ಗೊತ್ತಾಗುವುದಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಇದ್ದರಂತೂ ಮುಗಿಯಿತು. ಸ್ಟಾಪಿನ ಹತ್ತಿರ, ನಿಲ್ದಾಣದ ಒಳಗೆ ನಡೆಯುವ ವೇಗಕ್ಕೆ ಇಳಿಸಿಬಿಡುತ್ತೇನೆ. ಇದರಿಂದ ಟ್ರಿಪ್ ಒಂದೆರಡು ನಿಮಿಷ ಲೇಟಾಗುತ್ತದೆ. ನಾನು ಹೇಳಿದ ಎಲ್ಲವೂ ನಿಮಿಷ ತಿನ್ನುವ ಕೆಲಸಗಳೇ. ಸೈಕಲ್ಲಿನ ಹಿಂದೆ ಕಾಯುವುದು, ಕನ್ನಡಿ ನೋಡಿ ಬಾಗಿಲು ತೆಗೆಯುವುದು, ಪಟ್ಟಿಯ ಹಿಂದೆ ನಿಲ್ಲುವುದು, ಯಾವುದಕ್ಕೂ ಶೆಡ್ಯೂಲಿನಲ್ಲಿ ಜಾಗ ಇಲ್ಲ. ರನ್ನಿಂಗ್ ಟೈಮ್, ಅಂದರೆ ಒಂದು ಟ್ರಿಪ್ಪಿಗೆ ಕೊಡುವ ಸಮಯ, ಜಾಸ್ತಿ ಮಾಡಿ ಅಂತ ನಾವು ಕೇಳಿದಾಗ ಟೀ ಕುಡಿಯಲಿಕ್ಕೆ ಅಂದುಕೊಳ್ಳುತ್ತಾರೆ. ಬಸ್ಸಿನವರ ಮೇಲೆ ದೂರು ಬರೆಯುವ ಸೈಕಲ್ಲಿನವರು, ನಡೆಯುವವರು ಆ ಕಾಗದದಲ್ಲೇ ಇದನ್ನೂ ಒಂದು ಸಾಲು ಸೇರಿಸಿದರೆ ನಮಗೆ ಉಪಕಾರವಾಗುತ್ತದೆ.