ವಕೀಲಿಕೆಯ ನಡುವೆ ಲಾ ಕ್ಲರ್ಕ್ ಹುದ್ದೆಗೆ ಅರ್ಜಿ ಹಾಕಿದ ನನ್ನ ಅನುಭವ

2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಲಾ ಕ್ಲರ್ಕ್ ಕಮ್ ರಿಸರ್ಚ್ ಅಸೋಸಿಯೇಟ್, ಅಂದರೆ ನ್ಯಾಯಮೂರ್ತಿಗಳಿಗೆ ಕಡತ ಓದುವುದರಲ್ಲಿ, ಸಂಶೋಧನೆಯಲ್ಲಿ ನೆರವಾಗುವ ಹುದ್ದೆಗಳಿಗೆ ಅರ್ಜಿ ಕರೆದಾಗ ನಾನು ಧಾರವಾಡದ ಹೈಕೋರ್ಟ್ ಪೀಠದಲ್ಲಿ ಎರಡನೆಯ ವರ್ಷದ ಜೂನಿಯರ್ ವಕೀಲನಾಗಿ ಕೆಲಸ ಮಾಡುತ್ತಿದ್ದೆ. ಒಂದು ಅವಧಿಗಷ್ಟೇ ಸೀಮಿತವಾದ ಗುತ್ತಿಗೆ ಕೆಲಸ, ಆಗ ತಿಂಗಳಿಗೆ 80,000 ರೂಪಾಯಿ ಸಂಭಾವನೆ ಇತ್ತು. ಅರ್ಜಿ ತುಂಬುವ ಮೊದಲೇ ನಮ್ಮ ಸೀನಿಯರ್ ಮುಂದೆ ವಿಷಯ ಇಟ್ಟೆ. ಅವರು ಬೇಡವೆನ್ನಲಿಲ್ಲ, ಕೈಯಲ್ಲಿರುವ ಕಡತಗಳನ್ನು ಅರ್ಧಕ್ಕೆ ಬಿಡಬೇಡ ಎಂದರು.

ಪರೀಕ್ಷೆಯ ಮೊದಲ ಭಾಗ ಬಹು ಆಯ್ಕೆಯ ಪ್ರಶ್ನೆಗಳದ್ದು. ಕಾನೂನು ಓದಿಕೊಂಡವರಿಗೆ ಅದು ಹೊಸದಲ್ಲ. ನನ್ನನ್ನು ಕಾಡಿದ್ದು ಎರಡನೆಯ ಭಾಗ. ಅಲ್ಲಿ ಪ್ರಕರಣದ ಕಡತವನ್ನು ಓದಿ ಸಾರಾಂಶ ಬರೆಯಬೇಕು, ಸಂಶೋಧನಾ ಟಿಪ್ಪಣಿ ಸಿದ್ಧಪಡಿಸಬೇಕು. ದಿನವೂ ಪ್ರಕರಣಗಳ ಘಟನೆಗಳನ್ನು ದಿನಾಂಕವಾರು ಪಟ್ಟಿ ಮಾಡಿ ಬರೆಯುವ ಜೂನಿಯರ್‌ಗೆ ಇದು ಸುಲಭವೆಂದು ಭಾವಿಸಿದ್ದೆ. ಅಭ್ಯಾಸಕ್ಕೆಂದು ಪಾಲುವಿಭಾಗದ ದಾವೆಯೊಂದರ ಎರಡನೆಯ ಮೇಲ್ಮನವಿಯನ್ನು ಎತ್ತಿಕೊಂಡು ಸಾರಾಂಶ ಬರೆದು ಮರುದಿನ ಓದಿದಾಗ, ಅದು ಮೇಲ್ಮನವಿ ಸಲ್ಲಿಸಿದ ಮಗಳ ಪರ ವಾದವಾಗಿಯೇ ಉಳಿದಿತ್ತು: ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ ಎಂಬ, ವಿನೀತಾ ಶರ್ಮಾ ಪ್ರಕರಣದ ಸುಪ್ರೀಂ ಕೋರ್ಟಿನ 2020ರ ತೀರ್ಪು ಮೊದಲ ಸಾಲಿನಲ್ಲೇ ಇತ್ತು, ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ಆಸ್ತಿ ವಿಭಾಗವಾಗಿದೆ ಎಂಬ ಪ್ರತಿವಾದಿಗಳ ಅಂಶ ಕೊನೆಯಲ್ಲಿ ಅರ್ಧ ಸಾಲಿಗೆ ಇಳಿದಿತ್ತು. ನ್ಯಾಯಮೂರ್ತಿಗೆ ಬೇಕಾದದ್ದು ತದ್ವಿರುದ್ಧ. ಆ ವಿಭಾಗಪತ್ರ ನಿಂತರೆ ಮಗಳ ಪ್ರಕರಣವೇ ಬೀಳುತ್ತದೆಯಾದ್ದರಿಂದ ಅದೇ ಮೊದಲು ಬರಬೇಕು. ಕೆಳಗಿನ ಎರಡೂ ನ್ಯಾಯಾಲಯಗಳು ಅದರ ಬಗ್ಗೆ ಏನು ಹೇಳಿವೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿನಡಿ ಎರಡನೆಯ ಮೇಲ್ಮನವಿಗೆ ಬೇಕಾದ ಗಣನೀಯವಾದ ಕಾನೂನಿನ ಪ್ರಶ್ನೆ ಉಳಿದಿದೆಯೇ ಎಂಬುದು ಆಮೇಲೆ ಬರಬೇಕು. ಮೂರು ವಾರ ದಿನಕ್ಕೊಂದರಂತೆ ನಮ್ಮದೇ ಕಚೇರಿಯ ಹಳೆಯ ಕಡತಗಳನ್ನು, ವಕಾಲತ್ತು ಯಾರ ಪರ ಇದೆಯೆಂಬುದನ್ನು ಬದಿಗಿಟ್ಟು, ಹೀಗೆ ತಿದ್ದಿ ಬರೆದೆ. ನನ್ನ ತಯಾರಿಯಲ್ಲಿ ಫಲ ಕೊಟ್ಟದ್ದು ಇದೊಂದೇ ಎಂದು ಈಗಲೂ ನಂಬುತ್ತೇನೆ.

ಮಾರ್ಚ್ 9ರಂದು ಎರಡೂ ಭಾಗಗಳು ಒಂದೇ ದಿನ ನಡೆದವು. ಸಂದರ್ಶನದಲ್ಲಿ ನಾನೇ ಕೆಲಸ ಮಾಡಿದ ಪ್ರಕರಣವೊಂದನ್ನು ವಿವರಿಸಲು ಹೇಳಿ, ಎದುರು ಪಕ್ಷದ ಅತ್ಯಂತ ಬಲವಾದ ವಾದ ಯಾವುದೆಂದು ಕೇಳಿದರು. ಅದಕ್ಕೆ ಉತ್ತರ ಸಿದ್ಧವಿತ್ತು.

ಆಯ್ಕೆಯಾದ ಮೇಲೆ ಉಳಿದ ಚಿಂತೆ ಸನದಿನದು, ಅಂದರೆ ವಕೀಲಿಕೆ ನಡೆಸುವ ಪರವಾನಗಿಯದು. ಪೂರ್ಣಾವಧಿ ಸಂಬಳದ ಕೆಲಸದಲ್ಲಿರುವವರು ವಕೀಲಿಕೆ ನಡೆಸುವಂತಿಲ್ಲ ಎಂಬುದು ಬಾರ್ ಕೌನ್ಸಿಲ್ ನಿಯಮವಾದ್ದರಿಂದ, ಸನದನ್ನು ಅಮಾನತಿನಲ್ಲಿಡುವಂತೆ ರಾಜ್ಯ ವಕೀಲರ ಪರಿಷತ್ತಿಗೆ ಅರ್ಜಿ ಕೊಟ್ಟೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಕಡ್ಡಾಯವೆಂದು ಅದೇ ವರ್ಷದ ಮೇ 20ರಂದು ಸುಪ್ರೀಂ ಕೋರ್ಟು ತೀರ್ಪಿತ್ತಾಗ ಒಂದು ಕ್ಷಣ ಎದೆ ಧಸಕ್ಕೆಂದಿತು. ಲಾ ಕ್ಲರ್ಕ್ ಆಗಿ ದುಡಿದ ಅವಧಿಯನ್ನೂ ಅದರಲ್ಲಿ ಎಣಿಸಬೇಕೆಂಬ ಸಾಲನ್ನು ಓದಿದ ಮೇಲಷ್ಟೇ ಸಮಾಧಾನವಾಯಿತು.

ಹೊರಡುವ ಮುನ್ನ ನಾಲ್ಕು ದಿನ ಕಚೇರಿಯಲ್ಲೇ ಕುಳಿತು, ನನ್ನ ಬಳಿಯಿದ್ದ ಪ್ರತಿ ಕಡತದ ಮೇಲೆ ಮುಂದಿನ ತಾರೀಕು ಮತ್ತು ಆ ದಿನ ಆಗಬೇಕಾದ ಕೆಲಸವನ್ನು ಬರೆದು ಸೀನಿಯರ್‌ಗೆ ಒಪ್ಪಿಸಿದೆ.