ಆಸಿಲೇಟರ್ ಜಾರ್ತಿದ್ದರೆ ಮೊದಲು ಕೆಪಾಸಿಟರ್ ನೋಡಿ

ದಾವಣಗೆರೆ ಬಿಸಿಲಿಗೆ ನಮ್ಮ ಶೀಟಿನ ಮನೆ ಕಾದಂಗೆಲ್ಲ ನನ್ನ ಮೋರ್ಸ್ ಟ್ರಾನ್ಸ್‌ಮಿಟರ್‌ನ 7 ಮೆಗಾಹರ್ಟ್ಸ್ ಕ್ರಿಸ್ಟಲ್ ಆಸಿಲೇಟರ್ (ರೇಡಿಯೋ ಅಲೆ ಹುಟ್ಟಿಸುವ ಸರ್ಕ್ಯೂಟ್) ಜಾರ್ತಿತ್ತು, ಅಂದ್ರೆ ಅದರ ಫ್ರೀಕ್ವೆನ್ಸಿ ಒಂದೇ ಕಡೆ ನಿಲ್ತಿರಲಿಲ್ಲ. ಎರಡು ಸಲ ಕ್ರಿಸ್ಟಲ್ ಬದಲಿಸಿದರೂ ಅದೇ ಕಥೆ. ಕೊನೆಗೆ ರಿಸೀವರನ್ನು ಸಿಡಬ್ಲ್ಯೂ (ಮೋರ್ಸ್ ಕೇಳುವ) ಮೋಡ್‌ಗೆ ಹಾಕಿ ಆಸಿಲೇಟರ್‌ನ ಸಿಳ್ಳೆ ಕೇಳ್ತಾ, ಬಿಸಿ ಸಾಲ್ಡರಿಂಗ್ ಐರನ್ನನ್ನು ಒಂದೊಂದೇ ಬಿಡಿಭಾಗದ ಹತ್ತಿರ, ತಾಗಿಸದೆ ಹಿಡಿದೆ. ಟ್ರಾನ್ಸಿಸ್ಟರ್‌ನ ಬೇಸ್-ಎಮಿಟರ್ ನಡುವಿನ ಅಗ್ಗದ ಡಿಸ್ಕ್ ಕೆಪಾಸಿಟರ್ ಹತ್ತಿರ ಬಂದಿದ್ದೇ ತಡ, ಸ್ವರ ಜರ್ರನೆ ಜಾರಿತು!

ಅಲ್ಲಿ, ಎಮಿಟರ್-ಗ್ರೌಂಡ್ ನಡುವೆಯೂ, ಎನ್‌ಪಿ-ಝೀರೋ (ಬಿಸಿಗೆ ಅಷ್ಟಾಗಿ ಬದಲಾಗದ) ಕೆಪಾಸಿಟರನ್ನೇ ಹಾಕಿ. ಸಪ್ಲೈಗೆ 5 ವೋಲ್ಟ್ ರೆಗ್ಯುಲೇಟರ್ 78ಎಲ್05 ಸಾಕು. ಆಸಿಲೇಟರ್‌ನಿಂದಲೇ ಪವರ್ ಹಿಂಡಬೇಡಿ, ಕ್ರಿಸ್ಟಲ್ ಒಳಗೇ ಬಿಸಿಯಾಗುತ್ತೆ. ಆಸಿಲೇಟರ್ ಮೇಲೆ ಹೊರೆ ಬೀಳದಂತೆ ಮುಂದೆ ಒಂದು ಬಫರ್ ಟ್ರಾನ್ಸಿಸ್ಟರ್ ಇರಲಿ. ಬೋರ್ಡನ್ನು ತಗಡಿನ ಡಬ್ಬಿಯಲ್ಲಿ ಮುಚ್ಚಿಡಿ, ಫ್ಯಾನ್ ಗಾಳಿ ತಾಗಬಾರದು. ಆನ್ ಮಾಡಿ ಹತ್ತು ನಿಮಿಷ ಬಿಟ್ಟು ಮೋರ್ಸ್ ಕೀ ಒತ್ತಿ.